ಕೊನೆ ಹೇಳಕೂಡದು

ಜೂನ್ 3, ಸೋಮವಾರ

ಆತ್ಮಸಾಕ್ಷಿಯ ಘನ ನ್ಯಾಯಾಲಯದ ಸನ್ನಿಧಾನಕ್ಕೆ: ಇಂದು ಸಂಜೆ, ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಗ್ರಂಥಾಲಯದ ಕಾದಂಬರಿ ಕಪಾಟಿನಿಂದ ಒಂದು ದೆವ್ವದ ಪುಸ್ತಕವನ್ನು ಅಪಹರಿಸಿ, ಜೇನು ಸಾಕಣೆಯ ಪುಸ್ತಕಗಳ ಬೆನ್ನಿಗೆ ಬಚ್ಚಿಟ್ಟಿದ್ದೇನೆ. ತಪ್ಪೊಪ್ಪಿಕೊಂಡಿದ್ದೇನೆ. ಪಶ್ಚಾತ್ತಾಪ ಇಲ್ಲ.

ಹಿನ್ನೆಲೆ: ನನ್ನ ಕಾರ್ಡಿನಲ್ಲಿ ಆಗಲೇ ಎರಡು ಪುಸ್ತಕ ಇವೆ, ಮೂರನೆಯದು ಕೊಡುವುದಿಲ್ಲ. ನಮ್ಮ ದೆವ್ವ ಓದುಗರ ಸಂಘದ ಔಷಧಿ ಅಂಗಡಿಯವರು ಇದೇ ಪುಸ್ತಕ ಕೇಳಿಕೊಂಡು ಎರಡು ಸಲ ಬಂದಿದ್ದರಂತೆ. ಶನಿವಾರ ಸಂಘದಲ್ಲಿ ಇದನ್ನು ಶಿಫಾರಸು ಮಾಡಬೇಕಾದವನು ನಾನು. ದಿನವೂ ಆಫೀಸು ಬಿಟ್ಟ ಮೇಲೆ ಹೋಗಿ ನಿಂತೇ ಓದುತ್ತೇನೆ. ಮುಕ್ಕಾಲು ಭಾಗ ಆಯಿತು.

ಲೈಬ್ರರಿಯನ್ ಕೇಳಿದರು, “ಏನ್ಸಾರ್, ಜೇನು ಸಾಕ್ತೀರಾ?”

“ಇಲ್ಲಮ್ಮ, ಸದ್ಯಕ್ಕೆ ಬರೀ ಕಚ್ಚಿಸಿಕೊಳ್ಳೋ ಅಭ್ಯಾಸ ಮಾಡ್ತಿದೀನಿ.”

ನಗಲಿಲ್ಲ. ಸರ್ಕಾರಿ ನೌಕರಿ.

ಜೂನ್ 8, ಶನಿವಾರ

ಸಂಘ ಸೇರಿತು. ಗ್ರಂಥಾಲಯದ ಹಿಂದಿನ ಕೋಣೆ, ಕೈ ಮುರಿದ ಕುರ್ಚಿಗಳು, ಹಳೆಯ ಪೇಪರಿನ ವಾಸನೆ. ದೆವ್ವಗಳಿಗೂ ಇಷ್ಟು ಕಡಿಮೆ ಬಾಡಿಗೆಗೆ ಜಾಗ ಸಿಗಲಾರದು. ಸದಸ್ಯರು ಮೂವರೇ. ಉಳಿದವರು ಹೆದರಿ ಸಂಘ ಬಿಟ್ಟರು ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ನಿಜವಾಗಿ ಬೇಸರವಾಗಿ ಬಿಟ್ಟರು.

ಗಣಿತದ ಮೇಡಂ ತಂದದ್ದು ಒಂದು ಹಾಸ್ಟೆಲಿನ ಕಥೆ. ಹಾಜರಿ ಕರೆಯುವಾಗ ಖಾಲಿ ಬೆಂಚಿನಿಂದ “ಪ್ರೆಸೆಂಟ್” ಎಂಬ ದನಿ ಬರುತ್ತದಂತೆ. “ನನ್ನ ಕ್ಲಾಸಲ್ಲಿ ಉಲ್ಟಾ ಇತ್ತು. ಬೆಂಚ್ ತುಂಬ ಮಕ್ಕಳು, ಒಬ್ರಿಂದಲೂ ದನಿ ಇಲ್ಲ,” ಎಂದರು. ಔಷಧಿ ಅಂಗಡಿಯವರದ್ದು ಸಣ್ಣ ಕಥೆಗಳು. ಊಟಕ್ಕೆ ಮೊದಲು ಒಂದು, ಊಟ ಆದ ಮೇಲೆ ಒಂದು ಎಂದು ಚೀಟಿ ಬರೆದವರಂತೆ ಹೇಳಿದರು.

ನನ್ನ ಸರದಿ. ಸತ್ತ ಗಂಡ ದಿನವೂ ಸಂಜೆ ಮರಳಿ ಬರುವ ಕಥೆ. ಮೊದಲ ದಿನ ಗೇಟಿನ ಹತ್ತಿರ ಕೆಮ್ಮು. ಮರುದಿನ ಅಂಗಳದಲ್ಲಿ. ಆಮೇಲೆ ಜಗಲಿಯಲ್ಲಿ. ಹೆಂಡತಿ ಒಳಗೆ ಕೂತು ಕೇಳಿಸಿಕೊಳ್ಳುತ್ತಾಳೆ. ಕದ ತಟ್ಟುವ ಸದ್ದಿನವರೆಗೆ ಹೇಳಿ ನಿಲ್ಲಿಸಿದೆ. “ಇದು ಪ್ರೇತದ ಕಥೆಯಲ್ಲ, ಪ್ರೀತಿಯ ಕಥೆ,” ಎಂದೆ. ಮೇಡಂ ಚಪ್ಪಾಳೆ ತಟ್ಟಿದರು.

ನಮ್ಮ ಸಂಘಕ್ಕೆ ಒಂದೇ ನಿಯಮ: ಶಿಫಾರಸು ಮಾಡುವವನು ಕೊನೆ ಹೇಳಕೂಡದು. ಕೇಳುವವನು ಒತ್ತಾಯಿಸಕೂಡದು. ನಿಯಮ ಮಾಡಿದವನು ನಾನೇ. ಅದಕ್ಕೇ ಅಧ್ಯಕ್ಷ.

“ಹೆದರಿಕೆ ಆಗಲ್ವಾ ನಿಮಗೆ?” — ಮೇಡಂ.

“ನನ್ನನ್ನ ಹೆದರಿಸೋ ಪುಟ ಇನ್ನೂ ಅಚ್ಚಾಗಿಲ್ಲ ಮೇಡಂ.”

ಔಷಧಿ ಅಂಗಡಿಯವರು ಮಾತ್ರ ಏನೋ ಹೇಳಲು ಬಾಯಿ ತೆರೆದು, ನಿಯಮ ನೆನಪಾಗಿ ಮುಚ್ಚಿದರು. ಈ ಪುಸ್ತಕ ಕಾಲೇಜಿನಲ್ಲಿದ್ದಾಗಲೇ ಓದಿದ್ದರಂತೆ. ಮತ್ತೊಮ್ಮೆ ಓದಬೇಕು ಅಂತ ಹುಡುಕುತ್ತಿದ್ದರಂತೆ. ಜೇನುನೊಣಗಳ ಹಿಂದೆ ಯಾರು ಹುಡುಕುತ್ತಾರೆ!

ಜೂನ್ 13, ಗುರುವಾರ

ಅತ್ತಿಗೆಯ ಮನೆಗೆ ಹೋಗಿದ್ದೆ. ಅಣ್ಣ ಹೋದದ್ದು ಫೆಬ್ರವರಿಯಲ್ಲಿ. ಅವನ ಕನ್ನಡಕ ಇನ್ನೂ ಟಿ.ವಿ. ಮೇಲೆಯೇ ಇದೆ. ಮಡಿಸಿಲ್ಲ. ಈಗಷ್ಟೇ ತೆಗೆದಿಟ್ಟು ಮುಖ ತೊಳೆಯಲು ಹೋದವನಂತೆ.

ಅಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್. ಊರಿನ ಎಲ್ಲ ದೆವ್ವಗಳೂ ಮೊದಲು ಅವನ ಮೇಜಿನ ಮೇಲೆ ಬಂದು, ಕಾಗುಣಿತ ತಿದ್ದಿಸಿಕೊಂಡೇ ಮುಂದೆ ಹೋಗುತ್ತಿದ್ದವು. ದೆವ್ವ ಇದೆ ಅನ್ನೋದಕ್ಕೆ ಪ್ರೂಫ್ ಏನು ಎಂದು ಯಾರಾದರೂ ಕೇಳಿದರೆ ಕಂತೆ ಎತ್ತಿ ತೋರಿಸುತ್ತಿದ್ದ. “ಇಗೋ ಪ್ರೂಫ್. ಎರಡನೇ ಸಲದ್ದು.” ಸಂಜೆ ಅತ್ತಿಗೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವರು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದರು. ಮಕ್ಕಳಿಲ್ಲ. ಅವರಿಬ್ಬರು, ಮತ್ತು ದೆವ್ವಗಳು.

ಈಗ ಮನೆಯಲ್ಲಿ ಸದ್ದೇ ಇಲ್ಲ. ಅತ್ತಿಗೆ ಹೊರಗೆ ಹೋಗುವುದಿಲ್ಲ. ಸಾಮಾನು ಪಕ್ಕದ ಮನೆಯವರು ತಂದುಕೊಡುತ್ತಾರೆ. ಇಳಿದುಹೋಗಿದ್ದಾರೆ.

“ಪಂಡಿತ, ನನಗೊಂದು ಪುಸ್ತಕ ಹೇಳೋ.” ಅಣ್ಣ ಇಟ್ಟ ಅಡ್ಡಹೆಸರು. ಅತ್ತಿಗೆ ಅದನ್ನೇ ಮುಂದುವರಿಸಿದ್ದಾರೆ.

“ಹೆದರಿಸೋದು ಬೇಕಾ, ನಡುಗಿಸೋದು ಬೇಕಾ?”

“ಎರಡೂ ಬೇಡ. ವಾಪಸ್ ಬರೋ ಕಥೆ ಬೇಕು. ಬಂದು, ಕೂತು, ಎರಡು ಮಾತಾಡೋ ಅಂಥದ್ದು. ಅಂಥದ್ದು ಇದೆಯಾ?”

ಇದೆ ಎಂದೆ. ಖುಷಿಯಾಗಿಬಿಟ್ಟಿತು. ನಾಲ್ಕು ತಿಂಗಳಲ್ಲಿ ಅತ್ತಿಗೆ ನನ್ನಿಂದ ಕೇಳಿದ ಮೊದಲ ವಸ್ತು.

“ಕೊನೆ ಹೇಗಿದೆ?”

“ಅತ್ತಿಗೆ, ನಮ್ಮ ಸಂಘದ ನಿಯಮ...”

“ನಿನ್ನ ನಿಯಮ ನಿನ್ನ ಸಂಘಕ್ಕಿಟ್ಕೋ. ನನ್ನ ಕೈಲಿ ಈಗ ಏನಾಗುತ್ತೋ ಅಂತ ಕಾಯೋಕೆ ಆಗಲ್ಲಪ್ಪ. ಚೆನ್ನಾಗಿ ಮುಗಿಯುತ್ತಾ? ಅಷ್ಟು ಹೇಳು ಸಾಕು.”

“ಬಹಳ ಚೆನ್ನಾಗಿ ಮುಗಿಯುತ್ತೆ. ಓದಿ ಹಗುರ ಆಗ್ತೀರಿ.”

ಜೂನ್ 15, ಶನಿವಾರ

ಸಂಘ ಇಲ್ಲ, ಮೇಡಂಗೆ ಜ್ವರ. ಎರಡು ಪುಸ್ತಕ ಹಿಂತಿರುಗಿಸಿ, ಜೇನುಗೂಡಿನಿಂದ ದೆವ್ವ ಬಿಡಿಸಿ, ನ್ಯಾಯವಾಗಿ ನನ್ನ ಕಾರ್ಡಿಗೆ ಬರೆಸಿ, ಅತ್ತಿಗೆಗೆ ತಲುಪಿಸಿದೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಪುಸ್ತಕದ ಬೆನ್ನು ಸವರಿದರು. “ಬೈಂಡಿಂಗ್ ಚೆನ್ನಾಗಿಲ್ಲ. ಅವರು ನೋಡಿದ್ರೆ ಬೈತಿದ್ರು,” ಎಂದರು.

ಜೂನ್ 18, ಮಂಗಳವಾರ

ಆಫೀಸು. ಜೀವ ವಿಮೆ ಎಂದು ಬೋರ್ಡು; ಬರುವವರೆಲ್ಲ ಸತ್ತವರ ಕಡೆಯವರು. ವ್ಯಾಕರಣ ಓದುವಾಗಲೇ ನನಗೆ ಭೂತಕಾಲ ಇಷ್ಟವಿತ್ತು, ಸಂಬಳವೂ ಅದರಿಂದಲೇ ಬರುತ್ತಿದೆ. ಅಣ್ಣನ ಕ್ಲೇಮು ನನ್ನ ಟೇಬಲ್ಲಿಗೇ ಬಂತು. ಹೆಸರು ಓದಿ, ಪಕ್ಕದವನಿಗೆ ತಳ್ಳಿ, ನೀರು ಕುಡಿಯಲು ಎದ್ದೆ. ಮಧ್ಯಾಹ್ನದವರೆಗೆ ನೀರೇ ಕುಡಿದೆ.

ಸಂಜೆ ಫೋನು ಮಾಡಿದೆ. “ಎಲ್ಲಿಗೆ ಬಂತು?”

“ಜಗಲಿವರೆಗೆ ಬಂದಿದಾರೆ,” ಎಂದರು ಅತ್ತಿಗೆ. ಬಹುವಚನ. ಪುಸ್ತಕದಲ್ಲಿ ಏಕವಚನ ಇದ್ದ ನೆನಪು.

ಜೂನ್ 22, ಶನಿವಾರ

ಬೇಗ ಬರೆಯಬೇಕು. ಇನ್ನೂ ಗ್ರಂಥಾಲಯದಲ್ಲೇ ಇದ್ದೇನೆ.

ಔಷಧಿ ಅಂಗಡಿಯವರು ಮತ್ತೆ ಪುಸ್ತಕ ಕೇಳಿದರು. ಅತ್ತಿಗೆಯ ಹತ್ತಿರ ಇದೆ, ಅವರು ಓದಿ ಮುಗಿಸಲಿ ಎಂದೆ.

“ನಿಮ್ಮ ಅತ್ತಿಗೆ ಅಂದ್ರೆ... ಫೆಬ್ರವರೀಲಿ ತೀರಿಕೊಂಡ್ರಲ್ಲ ನಿಮ್ಮಣ್ಣ, ಅವರ ಮನೆಯವರಾ?”

“ಹೌದು.”

“ಅವರಿಗೆ ಕೊಟ್ರಾ? ಕೊನೆ ಗೊತ್ತಿದ್ದೂ?”

ನಕ್ಕೆ. ಅಧ್ಯಕ್ಷರ ನಗು. “ಗೊತ್ತಿದ್ದೇ ಕೊಟ್ಟಿದ್ದು.”

ಅವರು ನನ್ನನ್ನು ನೋಡಿದ ರೀತಿ — ವಿಷ ಕೇಳಿಕೊಂಡು ಬಂದ ಗಿರಾಕಿಯನ್ನು ನೋಡುವಂತೆ. “ನಿಯಮ ಹಾಳಾಗ್ಲಿ ಬಿಡ್ರೀ. ಆ ಹೆಂಗಸು ಕದ ತೆಗೆದು ಅವನ ಹಿಂದೇನೇ ಹೊರಟುಬಿಡ್ತಾಳಲ್ಲ. ಬೆಳಿಗ್ಗೆ ಜನ ಬಂದು ನೋಡಿದ್ರೆ ಮನೇಲಿ ಯಾರೂ ಇರಲ್ಲ. ಅಂಥದ್ದನ್ನ ಈ ಹೊತ್ತಲ್ಲಿ ಯಾರಾದ್ರೂ ಕೊಡ್ತಾರಾ?”

ಮೇಡಂ ನನ್ನ ಮುಖ ನೋಡಲಿಲ್ಲ.

ಫೋನು ಮಾಡಿದೆ. ರಿಂಗಾಗುತ್ತಿದೆ. ಎತ್ತುತ್ತಿಲ್ಲ. ಮತ್ತೆ. ಎತ್ತುತ್ತಿಲ್ಲ. ಹೊರಟೆ.

ಜೂನ್ 23, ಭಾನುವಾರ. ಅತ್ತಿಗೆಯ ಮನೆ

ಅತ್ತಿಗೆ ಒಳಗೆ ಮಲಗಿದ್ದಾರೆ. ಗೊರಕೆ ಕೇಳಿಸುತ್ತಿದೆ. ಇಷ್ಟು ಚೆಂದದ ಸದ್ದು ನಾನು ಕೇಳಿಲ್ಲ.

ನಿನ್ನೆಯದು ಬರೆದುಬಿಡುತ್ತೇನೆ.

ಮುಸ್ಸಂಜೆ. ಬೀದಿ ಬಾಗಿಲು ಪೂರ್ತಿ ತೆರೆದು ಹಾರು ಹೊಡೆದಿತ್ತು. ಓಣಿಯಂಥ ಆ ನಡುಮನೆಯಲ್ಲಿ ಬಲ್ಬು ಇಲ್ಲ. ಅಣ್ಣ ಹೋದ ಮೇಲೆ ಸುಟ್ಟದ್ದನ್ನು ಬದಲಾಯಿಸಿಲ್ಲ. ತುದಿಯ ಕೋಣೆಯಲ್ಲಿ, ಬಾಗಿಲಿಗೆ ಮುಖಮಾಡಿ, ಕುರ್ಚಿಯಲ್ಲಿ ಅತ್ತಿಗೆ. ಹೊರಗೆ ಹೋಗುವ ಬಟ್ಟೆ. ಕಾಲಲ್ಲಿ ಚಪ್ಪಲಿ. ಪುಸ್ತಕ ತೊಡೆಯ ಮೇಲೆ.

“ಬಂದ್ರಾ...” ಎಂದರು. ಆಮೇಲೆ, “ಓ. ನೀನಾ.”

ಆ “ನೀನಾ” ನನಗೆ ಸಾಯುವವರೆಗೂ ಕೇಳಿಸುತ್ತದೆ.

“ಫೋನ್ ಯಾಕೆ ಎತ್ತಲಿಲ್ಲ ಅತ್ತಿಗೆ?”

“ಅದು ಅಡುಗೆಮನೇಲಿದೆ. ನಾನು ಇಲ್ಲಿದೀನಿ.” ಪುಸ್ತಕದ ಮೇಲೆ ಕೈಯಿಟ್ಟು, “ಬುಧವಾರವೇ ಮುಗೀತು ಪಂಡಿತ. ನೀನು ಚೆನ್ನಾಗಿ ಮುಗಿಯುತ್ತೆ ಅಂದಿದ್ದೆ. ಮೊದಲು ಸಿಟ್ಟು ಬಂತು. ಇದೇನು, ಇವನಿಗೆ ತಲೆ ಇಲ್ವಾ ಅಂತ. ಆಮೇಲೆ ಕೂತು ಯೋಚನೆ ಮಾಡ್ದೆ. ಇಷ್ಟು ಓದಿದವನು, ಸುಮ್ಮನೆ ಕೊಡ್ತಾನಾ? ಹೋಗೋದಿದ್ರೆ ಹೋಗಿ ಅತ್ತಿಗೆ, ತಪ್ಪೇನಿಲ್ಲ ಅಂತ ಬಾಯಲ್ಲಿ ಹೇಳೋಕಾಗದೆ ಪುಸ್ತಕದಲ್ಲಿ ಹೇಳಿ ಕಳಿಸಿದಾನೆ ಅನ್ನಿಸ್ತು. ಆವತ್ತಿಂದ ಸಂಜೆ ಆದ್ರೆ ಬಾಗಿಲು ತೆಗೆದಿಟ್ಟು ಕೂತಿದೀನಿ. ಕೆಮ್ಮು ಕೇಳಲಿ ಅಂತ. ನೀನು ತಿಳಿದೇ ತಾನೇ ಕೊಟ್ಟಿದ್ದು?”

ಹೌದು ಎಂದರೆ ಅತ್ತಿಗೆ ಹೋಗುತ್ತಾರೆ. ಇಲ್ಲ ಎಂದರೆ ನಾನು ಹೋಗುತ್ತೇನೆ — ಅಧ್ಯಕ್ಷ, ಪಂಡಿತ, ಎಲ್ಲ ಕಟ್ಟಿಕೊಂಡು. ಇಂಥದ್ದಕ್ಕೂ ಒಂದು ಕ್ಷಣ ತೂಗಿ ನೋಡಿದೆನಲ್ಲ. ಅದನ್ನು ಬರೆದಿಡಬೇಕು.

“ಅತ್ತಿಗೆ, ನಾನು ಆ ಪುಸ್ತಕ ಮುಗಿಸಿಲ್ಲ.”

“ಏನಂದೆ?”

“ಕದ ತಟ್ಟೋ ಸದ್ದು ಬರುತ್ತಲ್ಲ, ಅಲ್ಲಿಗೆ ಮುಚ್ಚಿದೆ. ಅದೊಂದೇ ಅಲ್ಲ. ಯಾವ ದೆವ್ವದ ಪುಸ್ತಕಾನೂ ನಾನು ಮುಗಿಸಿಲ್ಲ. ಬಾಗಿಲು ತೆಗೆಯೋ ಪುಟ ಬಂದ್ರೆ ನನ್ನ ಕೈಲಾಗಲ್ಲ. ಹೆದರಿಕೆ.”

“ಒಂದೂ ಇಲ್ವಾ?”

“ಒಂದೂ ಇಲ್ಲ.”

“ಮತ್ತೆ ಅಷ್ಟೆಲ್ಲ ಮಾತಾಡ್ತೀಯ? ಆ ಸಂಘ? ಆ ನಿಯಮ?”

“ನಿಯಮ ಮಾಡಿದ್ದೇ ಅದಕ್ಕೆ. ಕೊನೆ ಏನಾಯ್ತು ಅಂತ ಅಣ್ಣ ಹೇಳ್ತಿದ್ದ. ಬೆಳಿಗ್ಗೆ, ಬಿಸಿಲಲ್ಲಿ, ಕಾಫಿ ಕುಡೀತಾ. ನಾನೇ ಕೂರಿಸಿಕೊಂಡು ಕೇಳ್ತಿದ್ದೆ. ಈಗ ಹೇಳೋರಿಲ್ಲ ಅತ್ತಿಗೆ. ಇದು ಒಳ್ಳೇದಿರಬಹುದು ಅಂದ್ಕೊಂಡೆ. ಅಂದಾಜಲ್ಲಿ ಕೊಟ್ಟುಬಿಟ್ಟೆ. ನಾನೇನೂ ಹೇಳಿ ಕಳಿಸಿಲ್ಲ. ಹೋಗಬೇಡಿ.”

ಅಳು ಬಂದುಬಿಟ್ಟಿತು. ಮೂಗು ಸೋರಿ, ಚೆನ್ನಾಗಿರಲಿಲ್ಲ.

ಅತ್ತಿಗೆ ತೊಡೆಯ ಮೇಲಿನ ಪುಸ್ತಕವನ್ನೇ ನೋಡಿದರು. ಆಮೇಲೆ, “ಇಷ್ಟು ವರ್ಷ ನನಗೆ ಒಂದು ಮಾತು ಹೇಳಿಲ್ಲ ನೋಡು ಅವರು,” ಎಂದರು. ತುಟಿ ಸೊಟ್ಟಗಾಯಿತು. ನಗುವೋ, ಏನೋ. “ಹೇಳಿದ್ದಿದ್ರೆ ನಿನ್ನನ್ನ ಬದುಕೋಕೆ ಬಿಡ್ತಿದ್ನಾ ನಾನು?”

ಪುಸ್ತಕ ಕೆಳಗಿಟ್ಟರು. ಕಣ್ಣೊರೆಸಿಕೊಂಡರು.

“ಚಳಿ ಗಾಳಿ ಬರ್ತಿದೆ. ಹೋಗಿ ಬಾಗಿಲು ಹಾಕಿ ಬಾ.”

ಎದ್ದೆ. ನಡುಮನೆಯ ಕತ್ತಲೆ ನೋಡಿದೆ. ಆ ತುದಿಯಲ್ಲಿ ತೆರೆದ ಬಾಗಿಲು, ಆಚೆ ಇನ್ನೂ ಕತ್ತಲೆ. ಅಲ್ಲಿ ಈಗ ಯಾರಾದರೂ ಕೆಮ್ಮಿದರೆ... ನನ್ನ ಅಣ್ಣನೇ. ಎತ್ತಿ ಆಡಿಸಿದವನೇ. ಆದರೂ.

ಕೂತೆ.

“ಏನಾಯ್ತೋ?”

“ಅತ್ತಿಗೆ... ನೀವೂ ಜೊತೆಗೆ ಬನ್ನಿ.”

ಅವರು ಚಪ್ಪಲಿ ಕಳಚಿದರು. ಎದ್ದರು. ಮುಂದೆ ನಡೆದರು. ಚಿಲಕ ಹಾಕಿದವರೂ ಅವರೇ. ನಾನು — ನಲವತ್ತಾರು ವರ್ಷ, ದೆವ್ವ ಓದುಗರ ಸಂಘದ ಸಂಸ್ಥಾಪಕ ಅಧ್ಯಕ್ಷ — ಅಷ್ಟು ಹೊತ್ತೂ ಅವರ ಬೆನ್ನ ಹಿಂದೆ, ಕಣ್ಣು ಮುಚ್ಚಿಕೊಂಡು...