ಗೋಡೆಯೊಳಗಿನ ಬೆಸುಗೆ

ತಿಪಟೂರು
8-11-1979

ಪ್ರೀತಿಯ ಅಣ್ಣ ಗಯಾಜ್ ಅವರಿಗೆ ತಮ್ಮ ಮುನಾಫನ ಸಲಾಂ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತಿಗೆಯ ಮೊಣಕಾಲು ನೋವು ಈಗ ಹೇಗಿದೆ? ಅರಸೀಕೆರೆಯ ಸೈಕಲ್ ಅಂಗಡಿಯಲ್ಲಿ ನಿಮಗೆ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆಂದು ತಿಳಿಯಿತು. ನಾನು ಬರೆಯಲು ಕೂತಿರುವುದು ಬೇರೆ ವಿಷಯಕ್ಕೆ.

ಈ ಸೋಮವಾರ ಅರಳಗುಪ್ಪೆಯ ದೊಡ್ಡರಂಗಯ್ಯನವರ ಹೆಂಡತಿ ರಾಮಲಕ್ಷ್ಮಮ್ಮನವರು ಅಂಗಡಿಗೆ ಬಂದಿದ್ದರು. ಮಗಳು ಬಾಣಂತನಕ್ಕೆ ಬರುತ್ತಾಳಂತೆ. ಬಚ್ಚಲಿಗೆ ಮತ್ತೆ ಬಿಸಿನೀರು ಬರುವ ಹಾಗೆ ಮಾಡಬೇಕು ಎಂದರು. "ನಮ್ಮೆಜಮಾನ್ರು ಬ್ಯಾಡ ಅಂತಾರೆ ಕಣಪ್ಪ. ನಾನು ಕರೀತಿದೀನಿ, ಬಂದ್ಬುಡು. ಬಿಂದಿಗೇಲಿ ಹೊತ್ತೂ ಹೊತ್ತೂ ಸಾಕಾಗೈತೆ."

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬರೆಯದೆ ಮುಂದಕ್ಕೆ ಹೋಗಲಾಗುತ್ತಿಲ್ಲ. ಆರು ವರ್ಷದ ಹಿಂದೆ ಆ ಮನೆಯ ಹಿತ್ತಲ ಒಲೆಯ ಮೇಲೆ ತಾಮ್ರದ ಬಾಯ್ಲರ್ ಕೂರಿಸಿ, ಗೋಡೆಯೊಳಗಿಂದ ಬಚ್ಚಲಿಗೆ ತಾಮ್ರದ ಕೊಳವೆ ಎಳೆದವರು ನಾವಿಬ್ಬರೇ. ತಿಂಗಳೊಳಗೆ ಗೋಡೆ ಒದ್ದೆಯಾಯಿತು. ಆ ಕಡೆಯ ಕೋಣೆಯಲ್ಲಿ ಕೊಬ್ಬರಿಗೆಂದು ಇಟ್ಟಿದ್ದ ಕಾಯಿಗೆಲ್ಲ ಬೂಷ್ಟು ಹಿಡಿಯಿತು. ಸಂತೆಯ ದಿನ ದೊಡ್ಡರಂಗಯ್ಯನವರು ನಮ್ಮ ಅಂಗಡಿ ಮುಂದೆ ನಿಂತು, "ಬೆಸುಗೆ ಹಾಕಕ್ಕೆ ಬರದೋನು ಬೋರ್ಡ್ ಯಾಕಯ್ಯಾ ತಗಲಾಕಿದೀಯ?" ಎಂದು ಕೂಗಿದರು. ನೀವು ತಲೆ ತಗ್ಗಿಸಿ, "ಕೆಲ್ಸ ನಂದು, ತಪ್ಪೂ ನಂದೇ ಸ್ವಾಮಿ" ಎಂದಿರಿ. ರಿಪೇರಿಗೂ ಅವರು ನಮ್ಮನ್ನು ಒಳಗೆ ಬಿಡದೆ ಕೊಳವೆಗೆ ಬಿರಡೆ ಜಡಿಸಿದರು. ನೀವು "ನನ್ನ ಕಣ್ಣು ಹೋಯ್ತು ಕಣೋ, ಇನ್ನು ಈ ಕೆಲಸ ಬೇಡ" ಎಂದು ಬೆಸುಗೆಯ ಬ್ಲೋಲ್ಯಾಂಪ್ ಕೆಳಗಿಟ್ಟು ಊರು ಬಿಟ್ಟಿರಿ.

ಮಂಗಳವಾರ ಹೋಗಿ ಗೋಡೆ ಒಡೆದೆ. ದೊಡ್ಡರಂಗಯ್ಯನವರು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಒಳಗೆ ಮೂರು ಬೆಸುಗೆ. ಬಾಯ್ಲರ್ ಕಡೆಯ ಎರಡೂ ನಿಮ್ಮವು. ಸುತ್ತಲೂ ತೆಳುವಾದ ಒಂದೇ ಸಮನಾದ ಅಂಚು, ಈಗಲೂ ಹೊಸದರಂತಿವೆ. ಮೂರನೆಯದು ಬಚ್ಚಲ ಕಡೆಯ ತಿರುವಿನದು. ಒಂದು ಕಡೆ ಸೀಸ ಮೇಣದಂತೆ ಗುಡ್ಡೆಯಾಗಿತ್ತು, ಇನ್ನೊಂದು ಕಡೆ ಕೂದಲೆಳೆಯಷ್ಟು ಬಿಟ್ಟಿತ್ತು. ಸುತ್ತ ಹಸಿರು ಕಿಲುಬು. ಅದು ನನ್ನದು. ನೀವು ಶುಕ್ರವಾರದ ನಮಾಜಿಗೆ ಹೋಗಿದ್ದಾಗ ನಾನು ಹಾಕಿದ್ದು. ಸೋರಿದ್ದು ಅದೇ ಎಂದು ಗೋಡೆ ಒಡೆದ ಮೇಲೆಯೇ ನನಗೆ ಗೊತ್ತಾಗಿದ್ದು.

ಈ ಸಲ ನೀವು ಹೇಳಿಕೊಟ್ಟಂತೆ ಮಾಡಿದೆ. ನೀರೆಲ್ಲ ಇಳಿಸಿ ತಿರುವನ್ನು ಕಾಯಿಸಿ ಬಿಡಿಸಿದರೂ ಕೊಳವೆಯಲ್ಲಿ ಹನಿ ನಿಲ್ಲಲಿಲ್ಲ. ಒಂದು ಬನ್ ತರಿಸಿ ಹನಿ ತಡೆಯಲು ಅದರ ತಿರುಳನ್ನು ಒಳಗೆ ತುರುಕಿದೆ. ಹಳೆಯ ಸೀಸ ಒರೆಸಿ, ಉಪ್ಪುಕಾಗದದಲ್ಲಿ ತಾಮ್ರ ಕೆಂಪಗೆ ಹೊಳೆಯುವವರೆಗೂ ಉಜ್ಜಿದೆ. ಸೀಸ ಹಿಡಿಯಲೆಂದು ನವಸಾಗರ ಸವರಿ ಕೂಡಿಸಿ, ಉರಿಯನ್ನು ಸೀಸಕ್ಕೆ ಹಿಡಿಯದೆ ಕೊಳವೆಗೇ ಹಿಡಿದೆ. ಕಾದ ಮೇಲೆ ಸೀಸದ ಕಡ್ಡಿ ತಾಗಿಸಿದರೆ ಸಾಕು, ತಾನೇ ಒಳಗೆಳೆದುಕೊಂಡು ಸುತ್ತಿ ಬಂತು. ತಣ್ಣಗಾಗುವ ತನಕ ಅಲುಗಿಸಲಿಲ್ಲ. ನೀರು ಬಿಟ್ಟಾಗ ಬನ್ನು ಕರಗಿ ನಲ್ಲಿಯಿಂದ ಬಂದುಹೋಯಿತು. ನಿನ್ನೆ ಹಗಲೆಲ್ಲ ನೀರು ತುಂಬಿಸಿಟ್ಟು, ತಿರುವಿಗೆ ಹಳೆಯ ಪೇಪರ್ ಸುತ್ತಿ ನೋಡಿದೆ. ಪಸೆಯೂ ಇಲ್ಲ. ಆಮೇಲೇ ಗಾರೆಯವನನ್ನು ಕರೆಸಿದೆ.

ಹೊರಡುವ ಮುಂಚೆ ದೊಡ್ಡರಂಗಯ್ಯನವರಿಗೆ, ಸೋರಿದ ಬೆಸುಗೆ ಅಣ್ಣನದಲ್ಲ, ನನ್ನದು ಎಂದು ಹೇಳಿದೆ.

"ಮತ್ತೆ ನಿಮ್ಮಣ್ಣ ಅವತ್ತು ಯಾಕೆ ಒಪ್ಕಂಡ?"

"ಸೋರಿದ್ದು ತನ್ನ ಬೆಸುಗೇನೇ ಅಂದ್ಕೊಂಡಿದ್ರು ಸ್ವಾಮಿ."

"ಅರಸೀಕೆರೆಗೆ ನಾನೇ ಹೋಗಿ ಬತ್ತೀನಿ ಬುಡು. ಬೀದೀಲಿ ಅಂದೋನು ನಾನಲ್ವಾ?"

ಅವರು ಬಂದರೆ ಗಾಬರಿಯಾಗಬೇಡಿ. ನಿಮ್ಮ ಕಣ್ಣೂ ಕೆಟ್ಟಿರಲಿಲ್ಲ, ಕೈಯೂ ಕೆಟ್ಟಿರಲಿಲ್ಲ ಅಣ್ಣ. ಅಂಗಡಿಗೆ ವಾಪಸ್ ಬನ್ನಿ.

ನಿಮ್ಮ ತಮ್ಮ,
ಮುನಾಫ್

ತಾ.ಕ.: ಲಕೋಟೆ ಅಂಟಿಸುವ ಮೊದಲು ನನ್ನಾಕೆ ಅಫ್ಸರ್ ಬಾನು ಈ ಕಾಗದ ಓದಿದಳು. "ಗೋಡೆ ಒಡೆದ್ಮೇಲೇ ಗೊತ್ತಾಯ್ತು ಅಂತ ಬರ್ದಿದೀರಲ್ಲ, ನಿಜ್ವಾ? ಪೂರ್ತಿ ಬರೀರಿ, ಇಲ್ದಿದ್ರೆ ಹಾಕ್ಲೇಬೇಡಿ" ಎಂದಳು. ನಿಜವಲ್ಲ ಅಣ್ಣ. ಅವತ್ತು ಕೊಳವೆಯಲ್ಲಿ ನೀರಿತ್ತು. ಸೀಸ ಚಿಟಚಿಟ ಸಿಡಿದು ಹಿಡಿಯಲೇ ಇಲ್ಲ. ಮೇಲೆ ಮೆತ್ತಿ, ನೀವು ಬರುವಷ್ಟರಲ್ಲಿ ಗಾರೆಯಿಂದ ಮುಚ್ಚಿ, ನೀರು ಬಿಟ್ಟು ನೋಡಿದೆ, ಸೋರಲಿಲ್ಲ ಎಂದು ಸುಳ್ಳು ಹೇಳಿದೆ. ಸಂತೆಯ ದಿನ ನೀವು ತಪ್ಪು ನನ್ನದು ಎಂದಾಗ ನಾನು ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದೆ.