ಪಾದ್ರಿಯ ಕೈಗೆ ಬಿದ್ದ ಏಟು

ನೋಲೀನ್ ಅಕ್ಕಾ,

ನಾನು ಚರ್ಚಿಗೆ ಹೊರಟೆ. ಕುರಿಮಾಂಸದ ಪೈ ಓವನ್ನಿನಲ್ಲಿದೆ, ಬಿಸಿ ಮಾಡಿಕೊಂಡು ತಿನ್ನು. ಬರಿಗಾಲಿನಲ್ಲಿ ಅಡುಗೆಮನೆಗೆ ಹೋಗಬೇಡ, ಗಾಜು ಒಡೆದಿದೆ.

ಇಷ್ಟು ವರ್ಷ ನೀನು ಮನೆಯಲ್ಲಿ ಬಿಯರ್ ಮಾಡಿದ್ದನ್ನು ಸಹಿಸಿಕೊಂಡೆ. ಈಗ ಜಿನ್ ಇಳಿಸುವ ಹುಚ್ಚು. "ಭಟ್ಟಿಯಿಂದ ಮೊದ್ಲು ಇಳಿಯೋದು ವಿಷ ಕಣೇ, ಚೆಲ್ಲಿಬಿಡ್ಬೇಕು" ಎಂದು ಪಾಠ ಹೇಳಿದವಳು ನೀನೇ. ಅದನ್ನು ನೀರು ಕುಡಿಯುವ ಲೋಟಕ್ಕೆ ಹಿಡಿದು, ನಲ್ಲಿಯ ಪಕ್ಕ ಮರೆತು, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆ ಬೌಲ್ಸ್ ಆಟಕ್ಕೆ ಓಡಿದವಳೂ ನೀನೇ!

ಬೆಳಿಗ್ಗೆ ಪಾದ್ರಿ ಗಿಲ್‌ಕ್ರಿಸ್ಟ್ ಬಂದರು. ನಮ್ಮ ಓಮರು ಊರಿನ ಈ ಏರುದಾರಿ ಹತ್ತಿ ಅವರಿಗೆ ಬಾಯಾರಿತ್ತು. ನಾನು ಕೇಕ್ ಕತ್ತರಿಸಿ ತಿರುಗುವಷ್ಟರಲ್ಲಿ ಆ ಲೋಟ ಅವರ ತುಟಿಯ ಹತ್ತಿರವಿತ್ತು. ಅವರ ಕೈಗೆ ಬಾರಿಸಿದೆ. ಲೋಟ ಚೂರಾಯಿತು, ಕನ್ನಡಕ ಸಿಂಕಿಗೆ ಬಿತ್ತು.

"ಬೆರಿಲ್, ಭಾನುವಾರದ ನನ್ನ ಪ್ರವಚನ ಅಷ್ಟೊಂದು ಕೆಟ್ಟದಾಗಿತ್ತಾ?" ಎಂದರು.

ಅಳುತ್ತಾ ಎಲ್ಲ ಹೇಳಿದೆ. ಅವರು ಒದ್ದೆ ಬೆರಳು ಮೂಸಿ ನೋಡಿ, "ಇದು ವಿಷ, ಸರಿ. ಆಮೇಲೆ ಇಳಿದದ್ದು ಎಲ್ಲಿಟ್ಟಿದ್ದಾಳೆ?" ಎಂದು ಕೇಳಿದರು.

ಮನುಷ್ಯನನ್ನು ಹೆಚ್ಚುಕಡಿಮೆ ಕೊಂದ ಮೇಲೆ ಇಲ್ಲ ಎನ್ನುವುದು ಹೇಗೆ? ತೆಗೆದುಕೊಟ್ಟೆ. ನನ್ನ ಅಳು ಇನ್ನೂ ನಿಲ್ಲದ್ದನ್ನು ನೋಡಿ ನನಗೂ ಒಂದಿಷ್ಟು ಹುಯ್ದರು. ಈ ವಯಸ್ಸಿನವರೆಗೆ ಒಂದು ಹನಿ ಮುಟ್ಟದವಳು ನಾನು.

ಆದ್ದರಿಂದ ಬಾಟಲಿ ಅರ್ಧವಾಗಿದೆ ಎಂದು ಕಿರುಚಬೇಡ. ಅಷ್ಟನ್ನೂ ಅವರೊಬ್ಬರೇ ಕುಡಿದರು ಎಂದು ನಾನು ಹೇಳುತ್ತಿಲ್ಲ.

ಮುಂದಿನ ಸಲ ನಿಂಬೆ ಸಿಪ್ಪೆ ಸ್ವಲ್ಪ ಕಡಿಮೆ ಹಾಕು.

ಬೆರಿಲ್