ಆಯಿ ಓಗೊಡುವ ದನಿ

ಹೊನ್ನಾವರ,
ಜುಲೈ ೧೪, ೨೦೨೪, ಭಾನುವಾರ

ಪ್ರೀತಿಯ ವಂದನಕ್ಕಾ,

ಆರೋಗ್ಯ ಹೇಗಿದೆ? ಮಲೇರಿಯಾ ಬಂದು ಹೋದ ಮೇಲಾದರೂ ಸರಿಯಾಗಿ ಉಣ್ಣುತ್ತಿದ್ದೀಯೋ, ಟಾಂಜಾನಿಯಾದಲ್ಲೂ ಚಹಾ ಕುಡಿದೇ ದಿನ ದೂಡುತ್ತಿದ್ದೀಯೋ? ಇಲ್ಲಿ ನಾನಿದ್ದೇನೆ ಅಷ್ಟೇ. ಬೆಳಿಗ್ಗೆ ಕುಮಟಾ ಬಸ್ಸು, ದಿನವಿಡೀ ಕಾಲೇಜು, ಸಂಜೆ ಆಯಿ. ಹಗಲು ಪಕ್ಕದ ಮನೆಯ ಕವಿತಾ ಬಂದು ಕೂರುತ್ತಾಳೆ. ಆಯಿಯ ಮರೆವು ಹೆಚ್ಚಿದೆ. ಉಂಡು ಕೈತೊಳೆದವಳೇ ಮತ್ತೆ ಬಡಿಸು ಎನ್ನುತ್ತಾಳೆ. ಹೆತ್ತ ತಾಯಿಗೇ ಬೈದುಬಿಡುತ್ತೇನೆ, ಆಮೇಲೆ ಬೇಜಾರಾಗುತ್ತದೆ. ನಿಜ ಹೇಳಲಾ, ಸಾಕಾಗಿದೆ ಅಕ್ಕಾ. ಫೋನಿನಲ್ಲಿ ಅವಳ ಎದುರೇ ಇದನ್ನೆಲ್ಲ ಹೇಳಲಾಗದು, ಅದಕ್ಕೇ ಈ ಪತ್ರ.

ನೀನು ಕಳಿಸುವ ಸಂಶೋಧನೆಯ ರೆಕಾರ್ಡಿಂಗುಗಳನ್ನು ಲ್ಯಾಪ್‌ಟಾಪಿಗೆ ಹಾಕಿಡುವಾಗ ನಾನೂ ಕೇಳುತ್ತೇನೆ. ಅಲ್ಲಿಯ ಬಾಂಟು ಭಾಷೆಗಳಲ್ಲಿ ಎರಡು ಸ್ವರ ಅಕ್ಕಪಕ್ಕ ಬಂದರೆ ಹೆಚ್ಚಾಗಿ ಹಾಗೇ ಇರಗೊಡುವುದಿಲ್ಲ ಎಂದು ಬರೆದಿದ್ದೆಯಲ್ಲ: ಒಂದು ಬಿದ್ದುಹೋಗುತ್ತದೆ, ಇಲ್ಲವೇ ಎರಡೂ ಕರಗಿ ಬೇರೊಂದಾಗುತ್ತವೆ, ಇಲ್ಲವೇ ಮೊದಲಿನದು ವಕಾರವಾಗಿ ಕುಗ್ಗುತ್ತದೆ. ಮು, ಅನ ಸೇರಿ ಮ್ವಾನ. ಅಂದರೆ ಮಗು. ನಮ್ಮ ಕನ್ನಡವೇ ವಾಸಿ, ‘ಮನೆ’ಗೂ ‘ಅಲ್ಲಿ’ಗೂ ನಡುವೆ ಒಂದು ಯಕಾರ ಕೂರಿಸಿ ಇಬ್ಬರನ್ನೂ ಉಳಿಸಿಕೊಳ್ಳುತ್ತದೆ. ಆ ಯಕಾರಕ್ಕೆ ಸುಸ್ತಾಗುತ್ತದೋ ಇಲ್ಲವೋ ಎಂದು ಯಾವ ಪಂಡಿತರೂ ಕೇಳಿದ ಹಾಗಿಲ್ಲ. ನೀನಾದರೂ ಕೇಳು.

ರೆಕಾರ್ಡಿಂಗಿನಲ್ಲಿ ಅಲ್ಲಿಯ ಅಜ್ಜಿಯೊಬ್ಬಳು ಒಂದೇ ಮಾತನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಸರಸರ ಹೇಳುತ್ತಾಳಲ್ಲ, ಆಯಿ ಅವಳನ್ನು ಲಕ್ಕಿ ಎಂದೇ ನಂಬಿದ್ದಾಳೆ. ಕಾಯ್ಕಿಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಲಕ್ಕಿ. ತೀರಿಕೊಂಡು ಎಷ್ಟು ಕಾಲವಾಯಿತು! ಆಯಿ ಕಾಯಿ ತುರಿಯುತ್ತ ಆ ಅಜ್ಜಿಯ ಪ್ರತಿ ಮಾತಿಗೂ ‘ಬತ್ತೆ ಲಕ್ಕಿ, ತಡಿ’ ಎಂದು ಓಗೊಡುತ್ತಾಳೆ. ನಾನು ತಿದ್ದಲು ಹೋಗಿಲ್ಲ. ಅಷ್ಟು ಹೊತ್ತು ಅವಳಿಗೂ ಖುಷಿ, ನನಗೂ ಕಾಲು ಚಾಚಲು ಸಿಗುತ್ತದೆ. ಕೆಲಸ ಮುಗಿಸಿ ದೀಪಾವಳಿಗೆ ಬರುತ್ತೇನೆ ಎಂದಿದ್ದೆಯಲ್ಲ. ಅಷ್ಟು ತಡ ಮಾಡಬೇಡ.

ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಕುದಿಸಿದ ನೀರನ್ನೇ ಕುಡಿ, ಸೊಳ್ಳೆಪರದೆ ಮರೆಯಬೇಡ.

ನಿನ್ನ ತಂಗಿ
ಅರ್ಚಿತಾ

ತಾ.ಕ.: ಇದನ್ನು ಬರೆಯುವುದು ಬೇಡವೆಂದುಕೊಂಡಿದ್ದೆ, ಆಗಲಿಲ್ಲ. ನಿನ್ನೆ ಹಾಕಿದ ರೆಕಾರ್ಡಿಂಗಿನಲ್ಲಿ ಅಜ್ಜಿಗೆ ಪ್ರಶ್ನೆ ಕೇಳುವ ನಿನ್ನ ದನಿ ಬಂತು. ಆಯಿ ತುರಿಯುವುದನ್ನು ನಿಲ್ಲಿಸಿ, ‘ಲಕ್ಕಿ ಹತ್ರ ಮಾತಾಡ್ತಾ ಇಪ್ಪ ಕೂಸು ಯಾರ ಮನೇದು? ಅದಕ್ಕೆ ಆಯಿ ಇದ್ದಾ?’ ಎಂದಳು. ‘ಇದ್ದು’ ಎಂದೆ. ‘ಹಂಗಾರೆ ಬೇಗ ಮನೆಗೆ ಹೋಪ್ಲೆ ಹೇಳು. ಆಯಿ ಕಾಯ್ತಾ ಇರ್ತು’ ಎಂದಳು.